ಮೈ ತೊಳೆಸಿಕೊಂಡು ಊರು ಬಿಟ್ಟ ಬಾಜಾ ಕಟ್ಟೆ

ಹುಣಸೆಹುಳಿ ಹಚ್ಚಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ಹುಳಿಯದೂ ಅಲ್ಲ, ಲೋಹದ್ದೂ ಅಲ್ಲ, ಎರಡೂ ಕೂಡಿ ಹಲ್ಲು ಜುಮ್ಮೆನ್ನಿಸುವಂಥದ್ದು. ಮೊನ್ನೆ ದೀಪಾವಳಿಗೆಂದು ಹಿತ್ತಲಲ್ಲಿ ಕೂತು ಅತ್ತೆಯ ಕಾಲದ ಕೊಡ ತಿಕ್ಕುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಕಣ್ಣ ಮುಂದೆ ನಮ್ಮ ಮುಳುಗಿದ ಊರಿನ ಬಾಗ. ಬಾಗ ಅಂದರೆ ಪೇಟೆಯವರ ಪಾರ್ಕು. ಅದರ ನಡುವೆ ಬಾಜಾ ಕಟ್ಟೆ. ಕಟ್ಟೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟುಕೊಂಡು, ಮಟಮಟ ಮಧ್ಯಾಹ್ನದಲ್ಲಿ, ತಮ್ಮ ತುತ್ತೂರಿಗಳನ್ನು ಹುಣಸೆಹುಳಿಯಿಂದ ತಿಕ್ಕುತ್ತಿದ್ದ ಬ್ಯಾಂಡಿನವರು. ಮನೆಯೊಳಗೆ ಕೆಲಸ ರಾಶಿ ಬಿದ್ದಿತ್ತು, ನಾನು ಮಾತ್ರ ಕೊಡ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ.

ನಮ್ಮೂರು ಬಾಗೇವಾಡಿ ತಾಲೂಕಿನದು, ಕೊಲ್ಹಾರದ ಕಡೆಗೆ, ಕೃಷ್ಣೆಯ ದಂಡೆಯ ಮೇಲೆ. ದಂಡೆಯ ಮೇಲಿತ್ತು ಎನ್ನಬೇಕು, ಈಗ ಅದು ಹೊಳೆಯ ಹೊಟ್ಟೆಯಲ್ಲಿದೆ. ಅಂಥ ಹಳ್ಳಿಗೆ ಬಾಗ ಯಾಕೆ ಬೇಕಿತ್ತು, ಅದರಲ್ಲಿ ಬ್ಯಾಂಡು ಬಾರಿಸಲು ಕಟ್ಟೆ ಯಾಕೆ ಬೇಕಿತ್ತು ಅಂತ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. ಇಂಗ್ಲಿಷರ ಕಾಲದಲ್ಲಿ ಊರಲ್ಲೊಬ್ಬ ಹತ್ತಿ ವ್ಯಾಪಾರದ ಸಾಹುಕಾರನಿದ್ದನಂತೆ. ಹತ್ತಿ ಮಾರಲು ಸೊಲ್ಲಾಪುರಕ್ಕೆ ಹೋದವನು ಅಲ್ಲಿ ಛತ್ರಿಯಂಥ ಮಾಡಿನ ಕೆಳಗೆ ಬ್ಯಾಂಡು ಬಾರಿಸುವುದನ್ನು ಕಂಡು ಹುಚ್ಚನಾಗಿ ಬಂದ. ಬಂದವನೇ ಊರ ಅಗಸಿ ಬಾಗಿಲ ಹೊರಗೆ, ಹೊಳೆಗೆ ಹೋಗುವ ದಾರಿಯ ಮಗ್ಗುಲಿಗೆ ಬೇವು, ಹುಣಸೆ, ಕಣಗಿಲೆ ಹಚ್ಚಿಸಿದ. ನಡುವೆ ಕರಿಕಲ್ಲಿನ ಎಂಟು ಮೂಲೆಯ ಕಟ್ಟೆ ಕಟ್ಟಿಸಿ, ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ತಗಡಿನ ಛತ್ರಿ ಹೊದಿಸಿದ. ಎಲ್ಲ ಮುಗಿದ ಮೇಲೆ ಮಂದಿಗೆ ಹೊಳೆಯಿತು: ಊರಲ್ಲಿ ಬ್ಯಾಂಡೇ ಇಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದ ಪುಣ್ಯಾತ್ಮ. ಸುತ್ತ ಹಳ್ಳಿಯವರು ಬಿದ್ದು ಬಿದ್ದು ನಕ್ಕರು. ಆ ನಗೆ ತಡೆಯಲಾರದೆ ಸಾಹುಕಾರ, ಊರಲ್ಲಿ ತಾಶೆ, ಸನಾದಿ ಬಾರಿಸುತ್ತಿದ್ದ ಮನೆಗಳ ಹರೆಯದವರನ್ನು ಸೊಲ್ಲಾಪುರಕ್ಕೆ ಕಳಿಸಿ ಬ್ಯಾಂಡು ಕಲಿಸಿ ಕರೆತಂದ. ಹೀಗೆ ಎಲ್ಲ ಕಡೆ ಬ್ಯಾಂಡಿಗಾಗಿ ಕಟ್ಟೆ ಹುಟ್ಟಿದರೆ ನಮ್ಮಲ್ಲಿ ಕಟ್ಟೆಗಾಗಿ ಬ್ಯಾಂಡು ಹುಟ್ಟಿತು.

ಆ ಸಾಹುಕಾರನ ಮನೆಗೆ ದೂರದಿಂದ ಒಬ್ಬ ಸೊಸೆ ಬಂದಳಂತೆ. ಬಂದವಳು ಅತ್ತದ್ದೇ ಅತ್ತದ್ದು. ಬಂಗಾರ ತೋರಿಸಿದರೂ ಅಳು, ಸೀರೆ ತೋರಿಸಿದರೂ ಅಳು. ಕಡೆಗೆ ಸಾಹುಕಾರ ಅವಳನ್ನು ಕಟ್ಟೆಯ ಮೇಲಿನ ಮೆಟ್ಟಿಲಲ್ಲಿ ಕೂಡಿಸಿ, ನಿನ್ನ ತವರಿನ ಯಾವ ಹಾಡು ಬಾರಿಸಬೇಕು ಹೇಳು ಎಂದು ಬ್ಯಾಂಡಿನ ಮಾಸ್ತರನಿಂದ ಕೇಳಿಸಿದ. ಹಾಡು ಬಾರಿಸಿದ ಮೇಲೆ ಹುಡುಗಿ ಕಣ್ಣೊರೆಸಿಕೊಂಡು ಮನೆಗೆ ಹೋದಳಂತೆ. ಖರೆಯೋ ಸುಳ್ಳೋ, ಅಂದಿನಿಂದ ಊರಿಗೆ ಅದೇ ಪದ್ಧತಿಯಾಯಿತು. ಯಾರ ಮನೆಗೇ ಸೊಸೆ ಬರಲಿ, ಹೊಸ್ತಿಲು ತುಳಿಯುವ ಮೊದಲು ಅವಳನ್ನು ಬಾಗದ ಕಟ್ಟೆಯ ಮೇಲೆ ಕೂಡಿಸಬೇಕು. ಮಾಸ್ತರ ಬಂದು ಕೇಳಬೇಕು: "ಯಾವ ಹಾಡ ಬಾರಸೋಣವಾ, ಮಗಳ?" ಆಮೇಲೆ ಜೀವಮಾನವೆಲ್ಲ ಉಳಿದವರಿಗೆ ಏನು ಬೇಕು ಎಂದು ಕೇಳುವುದರಲ್ಲೇ ಹೋಗುತ್ತದೆ. ನಿನಗೆ ಏನು ಬೇಕು ಎಂದು ಊರು ಕೇಳುವುದು ಅದೊಂದೇ ಸಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳಿಗೆ ಆ ಕಟ್ಟೆಯ ಮೇಲೆ ಅಷ್ಟು ಜೀವ.

ನಾನು ಸಿಂದಗಿ ಕಡೆಯವಳು. ನಮ್ಮವರು, ಅಂದರೆ ನನ್ನ ಗಂಡ, ಮನೆ ಕಟ್ಟುವ ಗೌಂಡಿ ಕೆಲಸದವರು, ಹೆಸರು ಮಲ್ಲಪ್ಪ. ಮದುವೆಯಾಗಿ ಬಂದಾಗ ನನ್ನನ್ನೂ ಆ ಮೆಟ್ಟಿಲ ಮೇಲೆ ಕೂಡಿಸಿದರು. ಕೆಂಪು ಕೋಟು ಹಾಕಿದ ಹುಸೇನ ಮಾಸ್ತರರು ಕ್ಲಾರಿನೆಟ್ಟು ಎದೆಗೆ ಒತ್ತಿಕೊಂಡು ಕೇಳಿದರು. ತವರಲ್ಲಿ ನನಗೆ 'ಬಾಯಿಬಡಕಿ' ಎಂದೇ ಹೆಸರು. ತಲೆಯೆತ್ತಿ ಊರನ್ನೂ, ಮಂದಿಯನ್ನೂ, ಬೇವಿನ ಗಿಡದ ಮೇಲೆ ಕೂತ ಗಿಳಿಗಳನ್ನೂ ಒಂದು ಸುತ್ತು ನೋಡಿ, ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಒಂದು ಸಿನಿಮಾ ಹಾಡಿನ ಹೆಸರು ಹೇಳಿಯೇ ಬಿಟ್ಟೆ. ಹುಡುಗರು ಸಿಳ್ಳೆ ಹೊಡೆದರು. ಬ್ಯಾಂಡಿನವರು ಖುಷಿಯಿಂದ ಬಾರಿಸಿದರು. ನಮ್ಮ ಅತ್ತೆ ನೀಲವ್ವನ ಮಾರಿ ಮಾತ್ರ ಒಣಗಿದ ರೊಟ್ಟಿಯ ಹಾಗೆ ಬಿಗಿದುಕೊಂಡಿತು. ಮನೆಗೆ ಬಂದ ಮೇಲೆ ನನ್ನ ಜೊತೆ ಮಾತೇ ಬಿಟ್ಟರು. ಹಿಟ್ಟಿನ ಡಬ್ಬಿ ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಸಿನಿಮಾ ಹಾಡು ಕೇಳಿದ ಸೊಸೆ ಎಂದು ಸಿಟ್ಟು ಎಂದುಕೊಂಡೆ. ದಿನ ಕಳೆದಂತೆ ಮಾತು ಶುರುವಾಯಿತು, ಆದರೆ ಆ ಹಾಡಿನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಅತ್ತೆ ಕಡಿಮೆ ಮಾತಿನವರು. ನಕ್ಕರೆ ಬಾಯಿಗೆ ಸೆರಗು ಬರುತ್ತಿತ್ತು. ಅವರು ಹೊಳೆಗೆ ಹೋಗುವಾಗ ಬಾಗದ ಮುಂದೆಯೇ ಹೋಗಬೇಕು. ಹೋದಾಗೊಮ್ಮೆ ಹುಸೇನ ಮಾಸ್ತರರು ಕಟ್ಟೆಯ ಮೇಲಿಂದ ಕೂಗುತ್ತಿದ್ದರು, "ವೈನಿ, ನಿಂದೊಂದು ಬಾಕಿ ಐತಿ ನೋಡವಾ!" ಅತ್ತೆ ತಿರುಗಿ ಕೂಡ ನೋಡದೆ, "ಹೋಗೋ, ನಿನ್ನ ಬಾಕಿಗೆ ಬೆಂಕಿ ಹಚ್ಚ" ಎಂದು ಕೊಡ ಸೊಂಟಕ್ಕೇರಿಸುತ್ತಿದ್ದರು. ಒಂದು ದಿನ ನಾನು ಮಾಸ್ತರರನ್ನೇ ಹಿಡಿದು ಕೇಳಿದೆ.

"ಏನ ಕಾಕಾ ಅದು ಬಾಕಿ? ನಮ್ಮ ಅತ್ತಿ ನಿಮಗೇನ ಕೊಡಬೇಕು?"

"ಅಕಿ ಕೊಡೋದಲ್ಲವಾ, ನಾವ ಕೊಡಬೇಕು. ಅಕಿ ಮದುವ್ಯಾಗಿ ಬಂದಾಗ ನಮ್ಮಪ್ಪ ಮಾಸ್ತರ ಇದ್ದ. ನಾ ಆಗಿನ್ನೂ ಮೀಸಿ ಬರದಾಂವ, ಹಿಂದ ನಿಂತು ಊದ್ತಿದ್ದೆ. ನಮ್ಮಪ್ಪ ಕೇಳಿದ, ಯಾವ ಹಾಡವಾ ಅಂತ. ಅಕಿ ತಲಿ ತಗ್ಗಿಸಿದಾಕಿ ತಗ್ಗಿಸೇ ಇದ್ಲು. ಹೊತ್ತು ಮುಳುಗಿತು, ಆದ್ರೂ ಬಾಯಿ ತೆಗೀಲಿಲ್ಲ. ಕಡೀಕ ಎಬ್ಬಿಸಿ ಮನಿಗೆ ಕರ್ಕೊಂಡು ಹ್ವಾದ್ರು. ಸಾಯೂ ಮುಂದ ನಮ್ಮಪ್ಪ ಹೇಳಿ ಹೋಗ್ಯಾನ, ಈ ಕಟ್ಟಿ ಮ್ಯಾಲ ಹಾಡಿಲ್ಲದ ಎದ್ದು ಹೋದ ಸೊಸಿ ಅಕಿ ಒಬ್ಬಾಕಿನ, ಅಕಿಂದು ಬಾರಿಸಿಬಿಡೋ ಅಂತ."

ಇದು ಗೊತ್ತಾದ ಮೇಲೆ ಅತ್ತೆಯನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ಆದರೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಊರು ಮುಳುಗುತ್ತದೆ ಎಂಬ ಮಾತು ನಾನು ಬರುವ ಮೊದಲಿನಿಂದಲೂ ಇತ್ತು. ಇದ್ದೂ ಇದ್ದೂ ಅದು ಅಜ್ಜಿ ಕತೆಯಾಗಿಬಿಟ್ಟಿತ್ತು. ಎರಡು ಸಾವಿರದ ಆಸುಪಾಸಿನ ಆ ಒಂದು ಬೇಸಿಗೆಯಲ್ಲಿ ಅದು ಖರೆಯಾಯಿತು. ಬರುವ ಮಳೆಗಾಲಕ್ಕೆ ಅಣೆಕಟ್ಟಿನ ಹಿನ್ನೀರು ಅಗಸಿಯೊಳಗೆ ಬರುತ್ತದೆ, ಅಷ್ಟರಲ್ಲಿ ಮೇಲಿನ ಹೊಸ ಊರಿಗೆ ಹೋಗಬೇಕು ಎಂದಾಯಿತು. ಮಂದಿ ತಮ್ಮ ಮನೆಗಳನ್ನು ತಾವೇ ಕೆಡವತೊಡಗಿದರು. ಬಿಸಿಲಿನಲ್ಲಿ ಓಣಿ ತುಂಬ ಮಣ್ಣು ಮಾಳಿಗೆಯ ಧೂಳು. ಚಕ್ಕಡಿಯ ಮೇಲೆ ತೊಲೆ, ಬಾಗಿಲು, ಕಿಟಕಿ. ಹೊಸ್ತಿಲನ್ನು ಮಾತ್ರ ಯಾರೂ ಚಕ್ಕಡಿಗೆ ಹಾಕಲಿಲ್ಲ, ತಲೆಯ ಮೇಲೆ ಹೊತ್ತು ಒಯ್ದರು. ಮನೆ, ಬಾವಿ, ಗಿಡ ಎಲ್ಲಕ್ಕೂ ಪರಿಹಾರ ಬಂತು. ಬಾಜಾ ಕಟ್ಟೆ ಮಾತ್ರ ಯಾರ ಹೆಸರಿನಲ್ಲೂ ಇರಲಿಲ್ಲ. ಸಾಹುಕಾರನ ಮನೆತನ ಎಂದೋ ಊರು ಬಿಟ್ಟಿತ್ತು. ಹಾಗಾಗಿ ಅದನ್ನು ಕೇಳುವವರಿಲ್ಲ.

ಒಂದು ಮಧ್ಯಾಹ್ನ ಮಾಡು ಕಿತ್ತ ಅಡುಗೆಮನೆಯಲ್ಲಿ, ತಲೆಯ ಮೇಲೆ ಬರೀ ಆಕಾಶ ಇಟ್ಟುಕೊಂಡು ನಾವಿಬ್ಬರೂ ರೊಟ್ಟಿ ಮಾಡುತ್ತಿದ್ದೆವು. ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಿ, ಒಲೆಯನ್ನು ನೋಡುತ್ತ ಕೇಳಿದರು.

"ಸರೋಜಾ, ಬಾಗದಾಗಿನ ಕಟ್ಟಿ ಬಿಟ್ಟು ಹೋಗ್ತಾರಂತನು?"

ದನಿ ತೀರಾ ಸಣ್ಣಗಿತ್ತು. ಮನೆ ಕೆಡವುವಾಗ ಒಂದು ಹನಿ ಕಣ್ಣೀರು ಹಾಕದ ಹೆಂಗಸು! ಆ ಸಂಜೆ ನಮ್ಮವರು ಊಟಕ್ಕೆ ಕೂತಾಗ ನಾನು ಬಾಯಿಬಡಕಿ ಸುಮ್ಮನಿರಲಿಲ್ಲ. "ಮಂದಿ ಮನಿ ಕಟ್ಟಾಕ ಹೋಗ್ತೀರಿ, ನಿಮ್ಮವ್ವನ ಕಟ್ಟಿ ಒಯ್ಯಾಕ ಬರೂದಿಲ್ಲೇನು?" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವರಿಗೂ ತಾಯಿಯ ಬಾಕಿಯ ಕತೆ ಗೊತ್ತಿರಲಿಲ್ಲ. ರೊಟ್ಟಿ ಮುರಿಯುವುದು ಬಿಟ್ಟು ಕೇಳಿದರು. ಮರುದಿನ ಊರ ಹಿರಿಯರನ್ನು ಕೂಡಿಸಿ, ಒಬ್ಬರು ಟ್ರ್ಯಾಕ್ಟರ್ ಕೊಡಲಿ, ಉಳಿದವರು ಕೈ ಹಚ್ಚಲಿ, ಕಲ್ಲು ಬಿಚ್ಚಿ ಮತ್ತೆ ಕಟ್ಟುವ ಹೊಣೆ ನನ್ನದು ಎಂದರು. ಹುಸೇನ ಮಾಸ್ತರರೂ ಅಲ್ಲಿಗೆ ಬಂದಿದ್ದರು. ಅವರಿಗೆ ದಮ್ಮಿನ ಕಾಯಿಲೆ. ಊದುವುದನ್ನು ಬಿಡಬೇಕು ಎಂದು ಬಾಗೇವಾಡಿಯ ಡಾಕ್ಟರರು ಹೇಳಿಯಾಗಿತ್ತು. ಮಳೆಗಾಲ ಹಿಡಿಯುವ ಮೊದಲು ಮಗನ ಜೊತೆ ಸೊಲ್ಲಾಪುರಕ್ಕೆ ಹೋಗುವವರಿದ್ದರು. ಬ್ಯಾಂಡಿನ ಉಳಿದವರಿಗೂ ಬೇರೆ ಬೇರೆ ಕಡೆ ಜಾಗ ಸಿಕ್ಕಿತ್ತು.

"ಲಗೂ ಕಟ್ಟೋ ಮಲ್ಲಪ್ಪಾ," ಎಂದರು ಮಾಸ್ತರರು. "ಎದಿಯಾಗ ಒಂದ ಹಾಡಿನಷ್ಟು ಉಸಿರು ಉಳಿಸ್ಕೊಂಡೇನಿ. ನಿಮ್ಮವ್ವನ ಹಾಡ ಬಾರಿಸದ ನಾ ಹೊಸ ಊರ ಬಿಡೂದಿಲ್ಲ. ಮಿರಗದ ಮಳಿ ಹತ್ತಿತಂದ್ರ ಆ ಉಸಿರೂ ಇರೂದಿಲ್ಲ."

ನಮ್ಮವರು ಕಟ್ಟೆ ಬಿಚ್ಚುವ ಮೊದಲು ಪ್ರತಿ ಕಲ್ಲಿನ ಮೇಲೂ ಅಂಕಿ ಬರೆದರು. ಎಣ್ಣೆ ಬಣ್ಣದಲ್ಲಿ ಬರೆಯಬೇಕೆಂದಿದ್ದರು. ಹಿರಿಯರು ಬಿಡಲಿಲ್ಲ, ಅಂಥ ಕಲ್ಲಿಗೆ ಕಾಯಂ ಕಲೆ ಮಾಡುತ್ತೀಯಾ ಎಂದು ಬೈದರು. ಹಾಗಾಗಿ ಸುಣ್ಣದಲ್ಲಿ ಬರೆದರು. ಛತ್ರಿಯ ತಗಡು, ಕಂಬ ಮೊದಲು ಇಳಿದವು. ಆಮೇಲೆ ಕಲ್ಲು ಒಂದೊಂದಾಗಿ ಬಿಚ್ಚಿ ಬೇವಿನ ಗಿಡದ ಕೆಳಗೆ ಜೋಡಿಸಿಟ್ಟರು. ಟ್ರ್ಯಾಕ್ಟರ್ ಮರುದಿನ ಬರುವುದಿತ್ತು. ನಮ್ಮವರು ಬುನಾದಿ ಹಾಕಲು ಹೊಸ ಊರಿಗೆ ಹೋದರು. ನಾನು ಹೊಸ ಮನೆಯ ಬಾಗಿಲಿಗೆ ಕೀಲು, ಚಿಲಕ ತರಲು ಬಸ್ಸು ಹತ್ತಿ ಬಾಗೇವಾಡಿಗೆ ಹೋದೆ. ನಾವಿಬ್ಬರೂ ಊರಲ್ಲಿ ಇಲ್ಲದ ಆ ಒಂದು ದಿನ ಸಾಕಾಯಿತು.

ಸಂಜೆ ಬಸ್ಸಿಳಿದು ಬಾಗದ ಕಡೆ ನೋಡುತ್ತೇನೆ, ಕಲ್ಲುಗಳು ಫಳಫಳ ಹೊಳೆಯುತ್ತಿವೆ! ಒಂದೊಂದಕ್ಕೂ ಅರಿಷಿಣ, ಕುಂಕುಮ. ಒಂದೊಂದರ ಮುಂದೆ ಉಡಿ ತುಂಬಿದ ಅಕ್ಕಿ, ಅಡಿಕೆ, ಎಲೆ. ಸುತ್ತ ನಮ್ಮ ಓಣಿಯ ಹೆಂಗಸರೆಲ್ಲ ಒದ್ದೆ ಸೀರೆಯಲ್ಲಿ ನಿಂತಿದ್ದಾರೆ, ನಡುವೆ ತೆಂಗಿನ ನಾರು ಹಿಡಿದ ನಮ್ಮ ಅತ್ತೆ. ಆಗಷ್ಟೇ ಹೊಸ ಊರಿನಿಂದ ಬಂದಿದ್ದ ನಮ್ಮವರು ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತಿದ್ದರು.

"ಯವ್ವಾ, ಏನ ಮಾಡಿಟ್ಟೀಬೇ? ಅಂಕಿ ಎಲ್ಲಿ ಹ್ವಾದುವು?"

"ಯಾವ ಅಂಕಿಯೋ?"

"ಕಲ್ಲಿನ ಮ್ಯಾಲ ಸುಣ್ಣದಾಗ ಬರದಿದ್ನೆಲ್ಲಾ!"

"ಅವು ಅಂಕಿನು? ನಾ ಕಾಗಿ ಹೇಸಿಗಿ ಮಾಡ್ಯಾವ ಅಂತ ತಿಳಕೊಂಡೆ. ತಿಕ್ಕಿ ತಿಕ್ಕಿ ನಮ್ಮ ರಟ್ಟಿ ಬಿದ್ದುವು ನೋಡು."

"ತೊಳಿ ಅಂತ ಯಾರ ಹೇಳಿದ್ರ ನಿಮಗ?"

"ಯಾರ ಹೇಳಬೇಕೋ?" ಅತ್ತೆಗೆ ಸಿಟ್ಟು ಬಂತು. "ತವರ ಬಿಟ್ಟು ಹೋಗೂ ಮಗಳಿಗೆ ತಲಿಮ್ಯಾಲ ಎರೀದ, ಉಡಿ ತುಂಬದ ಕಳಸ್ತಾರೇನು? ಹುಟ್ಟಿದ ಊರು ಬಿಟ್ಟು ಹೊಂಟಾಳ. ಮಣ್ಣ ಮೈಲೇನ ಹೋಗಬೇಕೇನು ಅಕಿ?"

ಅಷ್ಟರಲ್ಲಿ ಸುದ್ದಿ ಕೇಳಿ ಹುಸೇನ ಮಾಸ್ತರರು ಕೋಲೂರಿಕೊಂಡು ಬಂದರು. ಒಂದು ಸಲ ಕಲ್ಲು ನೋಡಿದರು, ಒಂದು ಸಲ ಹೆಂಗಸರನ್ನು ನೋಡಿದರು, ನಗಲು ಹತ್ತಿದರು. ನಗುತ್ತ ನಗುತ್ತ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ವೈನಿ, ಬಾಕಿ ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿಲ್ಲೋ? ಹಿಂಗ ತೊಳದ ಹೊಳಿಗೆ ಬಿಡೋದನು?" ಎಂದರು. ಅವರು ಹೇಳಿದ್ದು ಚೇಷ್ಟೆಗೆ. ಅಂಕಿ ಇಲ್ಲದೆ ಕಟ್ಟೆ ಮತ್ತೆ ಕೂಡುವುದಿಲ್ಲ ಎಂದು ಅತ್ತೆಗೆ ಮಾತ್ರ ಆಗ ತಿಳಿಯಿತು. ಕೈಯಲ್ಲಿದ್ದ ನಾರು ಕೆಳಗೆ ಬಿತ್ತು. ಆ ಸಂಜೆ ಎಷ್ಟು ಕರೆದರೂ ಉಣ್ಣಲು ಬರಲಿಲ್ಲ. "ನನ್ನ ಕೈಯಾರ ನಾನ ಕೆಡಿಸಿದ್ನಲ್ಲ" ಎಂದು ಒಂದೇ ಮಾತು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅತ್ತೆಯರನ್ನು ಅಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಪಕ್ಕದಲ್ಲಿ ಹೋಗಿ ಕೂತೆ ಅಷ್ಟೆ.

ಹೊಸ ಊರು ಎಂದರೆ ಎರೆಹೊಲದಲ್ಲಿ ಗೆರೆ ಎಳೆದು ಇದು ನಿನ್ನ ಮನೆ, ಇದು ನಿನ್ನ ಓಣಿ ಎಂದು ತೋರಿಸಿದ ಬಯಲು. ಒಂದು ಗಿಡವಿಲ್ಲ, ಒಂದು ನೆರಳಿಲ್ಲ. ನೆರಳಿಗೆಂದು ಕಟ್ಟಿದ ಸೀರೆ ಬಿಸಿಗಾಳಿಗೆ ನಿಲ್ಲುತ್ತಿರಲಿಲ್ಲ. ಆ ಬಯಲಿನ ನಡುವೆ ಟ್ರ್ಯಾಕ್ಟರಿನವನು ನಮ್ಮ ಕಲ್ಲುಗಳನ್ನು ಸುರಿದು ಹೋದ. ನಮ್ಮವರು ಕಲ್ಲಿನ ಉದ್ದ, ದಪ್ಪ, ಮೂಲೆ ನೋಡಿ ಜೋಡಿಸಲು ನೋಡಿದರು. ಕಟ್ಟಿದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಕಟ್ಟುವುದು, ಇದೇ ಆಯಿತು. ಹಳೆಯ ಕಾಲದ ಕೆಲಸ, ಒಂದು ಕಲ್ಲಿಗೆ ಇನ್ನೊಂದನ್ನು ಉಜ್ಜಿ ಕೂಡಿಸಿದ್ದು. ಒಂದು ಜಾಗ ತಪ್ಪಿದರೆ ಇಡೀ ಸಾಲು ಕುಣಿಯುತ್ತಿತ್ತು. ಪಶ್ಚಿಮಕ್ಕೆ ಸಂಜೆ ಸಂಜೆ ಮೋಡ ಕಾಣತೊಡಗಿತ್ತು. ಮಾಸ್ತರರ ಮಗ ಸೊಲ್ಲಾಪುರದಿಂದ ಬಂದು ಗಂಟುಮೂಟೆ ಕಟ್ಟಿಸಿ ಕೂತಿದ್ದ.

ದಾರಿ ತೋರಿಸಿದವರು ಗುರಪ್ಪಜ್ಜ. ಅಂದರೆ ದಾರಿ ತೋರಿಸಬೇಕೆಂದು ಬಂದವರಲ್ಲ, ಕೂರಲು ಜಾಗ ಹುಡುಕುತ್ತ ಬಂದವರು. ಹುಟ್ಟಿದಾಗಿನಿಂದ ಅವರ ಸಂಜೆಯೆಲ್ಲ ಬಾಜಾ ಕಟ್ಟೆಯ ಮೇಲೆಯೇ ಕಳೆದಿತ್ತು. ರಾಶಿಯಲ್ಲಿದ್ದ ಒಂದು ಕಲ್ಲನ್ನು ಕೋಲಿನಿಂದ ಬಡಿದು, "ಇದು ನಂದೋ" ಎಂದರು.

"ಹ್ಯಾಂಗ ಹೇಳ್ತಿ ಮುತ್ಯಾ?" ನಮ್ಮವರು ಕೇಳಿದರು.

"ತಂಬಾಕ ತಿಕ್ಕಿದ ಮ್ಯಾಲ ಬಟ್ಟಿನ ಸುಣ್ಣ ಇಲ್ಲೇ ವರಸ್ತಿದ್ದೆ. ನೋಡ, ನಿನ್ನ ಸುಣ್ಣ ಹೋತು, ನನ್ನ ಸುಣ್ಣ ಹೋಗಿಲ್ಲ. ಇದು ಹುಣಸಿಗಿಡದ ಕಡೀ ಮೂಲಿದು. ನನ್ನ ಬಲಕ್ಕ ಈರಪ್ಪ ಕೂಡ್ತಿದ್ದ, ಅವನ ಕಲ್ಲಿನ ಮ್ಯಾಲ ಹುಲಿ ಕುರಿ ಆಟದ ಗೆರಿ ಕೊರದೈತಿ. ಕರಿಯೋ ಅವನ್ನ."

ಅಷ್ಟೇ ಸಾಕಾಯಿತು. ಮನೆ ಕಟ್ಟುವುದು ಬಿಟ್ಟು ಗಂಡಸರೆಲ್ಲ ಓಡಿ ಬಂದರು. ಆ ಊರಿನ ಗಂಡಸರು ಮನೆಯಲ್ಲಿ ಬಿಟ್ಟ ಚಪ್ಪಲಿ ಎಲ್ಲಿದೆ ಎಂದು ಹೇಳಲಾರರು, ತಾವು ಕೂರುತ್ತಿದ್ದ ಕಲ್ಲು ಮಾತ್ರ ಎಲ್ಲರಿಗೂ ಗೊತ್ತು! ಕೆಲವರು ನೋಡಿ ಗುರುತಿಸಿದರು, ಕೆಲವರು ಕೈಯಾಡಿಸಿ, ಇನ್ನು ಕೆಲವರು ಕೂತು ನೋಡಿ. ಜಗಳವೂ ಆಯಿತು. ಇನ್ನೂ ಇಲ್ಲೇ ಇದ್ದ ಒಂದಿಬ್ಬರು ಬ್ಯಾಂಡಿನವರು ಮೇಲಿನ ಹಾಸುಗಲ್ಲುಗಳನ್ನು ಆರಿಸಿಕೊಟ್ಟರು. ದೊಡ್ಡ ಢೋಲು ನಿಲ್ಲಿಸಿ ನಿಲ್ಲಿಸಿ ನುಣುಪಾದದ್ದು ಒಂದು, ತುತ್ತೂರಿ ಬಿದ್ದು ಚಕ್ಕೆ ಎದ್ದದ್ದು ಇನ್ನೊಂದು. ನೋಡನೋಡುತ್ತ ಕಟ್ಟೆಯ ಏಳು ಮಗ್ಗುಲೂ ಎದ್ದು ನಿಂತವು. ಎಂಟನೆಯದು ಮೆಟ್ಟಿಲಿನ ಮಗ್ಗುಲು. ಅಲ್ಲಿಗೆ ಬಂದು ಎಲ್ಲ ನಿಂತಿತು. ಮೆಟ್ಟಿಲ ಮೇಲೆ ಯಾರೂ ಕೂರುತ್ತಿರಲಿಲ್ಲ, ಬ್ಯಾಂಡಿನವರು ಮಧ್ಯಾಹ್ನ ತುತ್ತೂರಿ ತಿಕ್ಕಲು ಕೂತರೂ ಕಣ್ಣು ತುತ್ತೂರಿಯ ಮೇಲೆ. ಹತ್ತಿ ಇಳಿಯುವಾಗ ಕಾಲ ಕೆಳಗಿನ ಕಲ್ಲನ್ನು ಯಾರು ನೋಡುತ್ತಾರೆ?

"ನಾವು ನೋಡೇವಿ."

ತಿರುಗಿ ನೋಡಿದರೆ ಅತ್ತೆ. ಅಂದಿನಿಂದ ಆ ಕಡೆ ತಲೆ ಹಾಕದಿದ್ದವರು ಬಂದು ನಿಂತಿದ್ದರು. ಹಿಂದೆ ಓಣಿಯ ಉಳಿದ ಹೆಂಗಸರು.

"ಹೊಸಾ ಸೊಸಿ ಮಾರಿ ಎತ್ತಬಾರದಂತ ಹೇಳೇ ಕಳಸಿರ್ತಾರ. ಊರು ನೋಡೂಹಂಗಿಲ್ಲ, ಮಂದಿ ನೋಡೂಹಂಗಿಲ್ಲ, ಗಂಡನ್ನೂ ನೋಡೂಹಂಗಿಲ್ಲ. ಮತ್ತೇನ ನೋಡ್ತೇವಿ? ಕಾಲಾಗಿನ ಕಲ್ಲ ನೋಡ್ತೇವಿ." ಹೀಗೆ ಹೇಳುತ್ತಲೇ ಬಾಗಿ, ರಾಶಿಯೊಳಗಿನ ಒಂದು ಕಲ್ಲಿನ ಮೇಲೆ ಕೈಯಿಟ್ಟರು. "ಇದು ಮ್ಯಾಲಿಂದ ಎರಡನೇದು. ಇದರಾಗೊಂದು ಕೆಂಪನ ಎಳಿ ಐತಿ, ಒಣಮೆಣಸಿನಕಾಯಿ ಹಂಗ. ನನ್ನ ಎಡಗಾಲಿನ ಕಾಲುಂಗರದ ಮುಂದ ಇತ್ತು. ಹೊತ್ತು ಮುಳಗೂತನಾ ಅದನ್ನ ನೋಡ್ಕೋತ ಕುಂತಿದ್ದೆ."

ಆಮೇಲೆ ಒಬ್ಬೊಬ್ಬರೇ ಮುಂದೆ ಬಂದರು. ಒಬ್ಬಳಿಗೆ ಅಕ್ಷತೆಯ ಕಾಳು ಉರುಳಿ ಬಿದ್ದ ಸಣ್ಣ ತೂತು ನೆನಪಿತ್ತು. ಇನ್ನೊಬ್ಬಳಿಗೆ ಅರ್ಧಚಂದ್ರನಂಥ ಚಕ್ಕೆ, ತನ್ನ ಕಣ್ಣೀರು ಅದರಲ್ಲಿ ನಿಂತಿತ್ತಂತೆ. ಹಲ್ಲಿಲ್ಲದ ಒಬ್ಬ ಮುದುಕಿ ಕಲ್ಲಿನ ಮೇಲೆ ಕೈಯಾಡಿಸಿ, ಇದರ ಮ್ಯಾಲ ಇರುವಿ ಸಾಲ ಹೊಂಟಿತ್ತವಾ ಅಂದಾಗ ಎಲ್ಲರೂ ನಕ್ಕರು. ಅಂಕಿ ತೊಳೆದ ಹೆಂಗಸರೇ ಮೆಟ್ಟಿಲನ್ನು ಒಂದೊಂದಾಗಿ ಹುಡುಕಿ ಕೊಟ್ಟರು, ನಮ್ಮವರು ಕೂಡಿಸುತ್ತ ಹೋದರು. ನನ್ನನ್ನೂ ಕೇಳಿದರು. ನನಗೆ ಒಂದು ಕಲ್ಲೂ ನೆನಪಿರಲಿಲ್ಲ. ನೆನಪಿದ್ದದ್ದು ಗಿಳಿ, ಬೇವು, ಸಿಳ್ಳೆ ಹೊಡೆದ ಹುಡುಗರು.

"ನೀ ಎಲ್ಲಿ ತಲಿ ತಗ್ಗಿಸಿದ್ದಿ ತಾಯಿ" ಎಂದರು ಅತ್ತೆ. ಬೈಗುಳವಲ್ಲ ಅದು, ಎಷ್ಟೋ ದಿನಕ್ಕೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಛತ್ರಿ ಏರಿಸಿದ ದಿನ ಆಕಾಶದ ಪಶ್ಚಿಮ ಅರ್ಧ ಕಪ್ಪಾಗಿತ್ತು. ಕಾದ ಎರೆಮಣ್ಣಿಗೆ ಎಲ್ಲೋ ದೂರದ ಹನಿ ಬಿದ್ದ ವಾಸನೆ. ಬ್ಯಾಂಡಿನವರು ತಮ್ಮ ತಮ್ಮ ಹೊಸ ಊರುಗಳಿಂದ ಬಸ್ಸು ಹತ್ತಿ ಬಂದು, ಕಟ್ಟೆಯ ಮೇಲೆ ಕೂತು ಹುಣಸೆಹುಳಿ ಹಚ್ಚಿ ತುತ್ತೂರಿ ತಿಕ್ಕಿದರು. ಹುಸೇನ ಮಾಸ್ತರರು ಕೆಂಪು ಕೋಟು ಹಾಕಿ ಬಂದರು. ಕೋಟು ಮೈಮೇ‌ಲೆ ಜೋತಾಡುತ್ತಿತ್ತು. ಹಿಂದೆಯೇ ಮಗ ಗುಳಿಗೆ, ನೀರಿನ ಬಾಟಲಿ ಹಿಡಿದು ನಿಂತಿದ್ದ. ನಾನು, ಇನ್ನಿಬ್ಬರು ಸೇರಿ ಅತ್ತೆಯನ್ನು ಕರೆತಂದು ಮೇಲಿನ ಮೆಟ್ಟಿಲ ಮೇಲೆ ಕೂಡಿಸಿದೆವು. ಹಸಿರು ಇಳಕಲ್ ಸೀರೆ ಉಟ್ಟಿದ್ದರು. ತಲೆ ತುಂಬ ಸೆರಗು ಹೊದ್ದು, ತಲೆ ತಗ್ಗಿಸಿ, ಆ ಕೆಂಪು ಎಳೆಯನ್ನೇ ನೋಡುತ್ತ ಕೂತರು. ಥೇಟ್ ಹೊಸ ಸೊಸೆ.

ಮಾಸ್ತರರು ಮುಂದೆ ಬಂದು ನಿಂತರು. ತಮ್ಮ ಅಪ್ಪ ಕೇಳಿದ ಮಾತನ್ನೇ, ಒಂದಕ್ಷರ ಬದಲಿಸದೆ ಕೇಳಿದರು.

"ಯಾವ ಹಾಡ ಬಾರಸೋಣವಾ, ಮಗಳ?"

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಹೆಂಗಸಿಗೆ ಮಗಳ ಎಂದರೂ ಯಾರೂ ನಗಲಿಲ್ಲ. ಮತ್ತೆ ಬಾಯಿ ಕಟ್ಟಿದರೆ? ಅತ್ತೆ ಸೆರಗು ಹಿಂದಕ್ಕೆ ಸರಿಸಿ ಮಾರಿ ಎತ್ತಿದರು. ಎದುರಿಗೆ ನಿಂತ ಊರನ್ನು ಒಂದು ಸುತ್ತು ನೋಡಿದರು.

"ನನ್ನ ಹಾಡ ನಿಮಗ ಬರೂದಿಲ್ಲ ಮಾಸ್ತರ."

"ಯಾವ್ದು ಹೇಳ ವೈನಿ, ಬಾರಸ್ತೇವಿ."

"ನಮ್ಮವ್ವ ಬೀಸೂ ಮುಂದ ಹಾಡ್ತಿದ್ಲು. ಆವತ್ತೂ ಅದನ್ನ ಕೇಳಬೇಕಂತಿದ್ದೆ. ಆದರ ಅದು ನಮ್ಮವ್ವಗ ಬಿಟ್ರ ಯಾರಿಗೂ ಬರೂದಿಲ್ಲ. ನಾನ ಹಾಡಿ ತೋರಿಸಬೇಕಾಕ್ಕಿತ್ತು. ಹೊಸಾ ಸೊಸಿ, ಇಷ್ಟ ಗಂಡಸರ ಮುಂದ ಹ್ಯಾಂಗ ಹಾಡ್ಲಿ ನಾ?"

ಮಾಸ್ತರರ ಕಣ್ಣು ತುಂಬಿ ಬಂದವು. ಕ್ಲಾರಿನೆಟ್ಟು ತುಟಿಗೆ ಒಯ್ಯುತ್ತ, "ಈಗ ಹಾಡವಾ. ನಾ ಹಿಂದ ಬರ್ತೇನಿ" ಎಂದರು.

ಅತ್ತೆ ಹಾಡಿದರು. ಮೊದಲು ಗಂಟಲಲ್ಲೇ, ಆಮೇಲೆ ಸ್ವಲ್ಪ ಮೇಲೆ. 'ಬೀಸಿದ ಹಿಟ್ಟ ಬೆಳ್ಳಗ, ನನ್ನವ್ವ, ಬೀಸುವ ಅಂಗೈ ಕೆಂಪಗ' ಎಂದು ಶುರುವಾಗುವ ಹಾಡು. ದೊಡ್ಡ ಹಾಡೇನಲ್ಲ, ಬೀಸುಕಲ್ಲು ತಿರುಗಿದ ಹಾಗೆ ಅದೇ ಅದೇ ತಿರುಗಿ ಬರುತ್ತದೆ. ಎರಡನೆಯ ಸುತ್ತಿಗೆ ಮಾಸ್ತರರ ಕ್ಲಾರಿನೆಟ್ಟು ಹಿಂದೆ ಸೇರಿತು. ಮೂರನೆಯದಕ್ಕೆ ಢೋಲು ಬೀಸುಕಲ್ಲಿನ ಸಪ್ಪಳ ಹಿಡಿಯಿತು. ತುತ್ತೂರಿಗಳು ಮೆಲ್ಲಗೆ ಕೂಡಿದವು. ನಡುವೆ ಮಾಸ್ತರರ ಉಸಿರು ಕಡಿಯಿತು, ಕ್ಲಾರಿನೆಟ್ಟು ನಿಂತಿತು. ಮಗ ಓಡಿ ಬಂದ. ಅವರು ಕೈ ಮಾಡಿ ಅವನನ್ನು ತಡೆದರು. ಅತ್ತೆ ಹಾಡು ನಿಲ್ಲಿಸಲಿಲ್ಲ. ಅವರ ಉಸಿರು ತಿರುಗುವ ತನಕ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಕಾದರು. ಮಾಸ್ತರರು ಮತ್ತೆ ತುಟಿಗಿಟ್ಟು ಕಡೆಯ ಸುತ್ತನ್ನು ಊದಿ ಮುಗಿಸಿದರು. ನಾನು ನಿಂತಲ್ಲೇ ಅಳುತ್ತಿದ್ದೆ. ಅಲ್ಲಿದ್ದ ಹೆಂಗಸರೆಲ್ಲ ಅಳುತ್ತಿದ್ದರು.

"ಮುಗೀತ ನೋಡ ವೈನಿ" ಎಂದರು ಮಾಸ್ತರರು. "ನಮ್ಮಪ್ಪಗ ಇನ್ನ ಮಾರಿ ತೋರಸ್ತೇನಿ." ಮರುದಿನ ಮಗನ ಜೊತೆ ಸೊಲ್ಲಾಪುರದ ಬಸ್ಸು ಹತ್ತಿದರು. ಅದೇ ವಾರ ಮಳೆ ಹಿಡಿಯಿತು, ಹಳೆಯ ಊರಿನ ಅಗಸಿಗೆ ನೀರು ಬಂತು ಎಂದು ನೋಡಿ ಬಂದವರು ಹೇಳಿದರು.

ಆದರೆ ಅದಕ್ಕೆ ಮೊದಲು, ಆ ಸಂಜೆ ಕಟ್ಟೆಯಿಂದ ಮನೆಗೆ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು ನಡೆದರು. ಎರೆಮಣ್ಣಿನ ದಾರಿ, ಹೊಸ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ.

"ಆವತ್ತ ನಿನ್ನ ಮ್ಯಾಲ ಸಿಟ್ಟಾಗಿದ್ದಿಲ್ಲವಾ ನಾನು," ಎಂದರು. "ನೀ ಕೇಳಿದ್ದು ಸಿನಿಮಾ ಹಾಡು ಅಂತಲ್ಲ. ಬಂದ ದಿನಾನ ನೀ ಬಾಯಿ ತೆಗದಿ. ನಾ ತೆಗೀಲಿಲ್ಲ. ಹೊಟ್ಟಿ ಉರೀತು ನನಗ, ಅಷ್ಟ."

ನಾನು, "ಬ್ಯಾಂಡಿನವರು ನಾಳೆ ಮುಂಜಾನಿತನಾ ಇರ್ತಾರ ಅತ್ತಿ, ಇನ್ನೊಂದ ಹಾಡ ಕೇಳ್ರೆಲಾ" ಎಂದೆ.

"ಇನ್ನ ಕೇಳೂದ್ಯಾಕ?" ಎಂದರು. "ಇನ್ನ ನಾನ ಹಾಡ್ತೇನಿ."

ಮರುದಿನ ಮುಂಜಾನೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳದ ಜೊತೆ ಹಾಡು ಕೇಳಿಸಿತು. ಮನೆಯಲ್ಲಿ ತಾಯಿಯ ಹಾಡು ಎಂದೂ ಕೇಳಿರದ ನಮ್ಮವರು ಹಾಸಿಗೆಯಲ್ಲಿ ಎದ್ದು ಕೂತು, ಕಣ್ಣುಜ್ಜಿಕೊಳ್ಳುತ್ತ ನನ್ನನ್ನು ಕೇಳಿದರು, "ಮನಿಗೆ ಯಾರ ಬಂದಾರ?"